ದಾಳ ಉರುಳಿಸುವುದು ಯಾರು: ಕೈಯೋ, ಕಂಪ್ಯೂಟರೋ?

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡಿಲ್ಲದವರಿಗಾಗಿ ಎರಡು ಮಾತು. ಆಟಗಾರರು ತಲಾ ಒಂದು ಪಾತ್ರ ವಹಿಸುತ್ತಾರೆ. ಉಳಿದ ಜಗತ್ತೆಲ್ಲ, ಅಂದರೆ ರಾಜರು, ರಾಕ್ಷಸರು, ಮಳೆ, ಬಾಗಿಲುಗಳು, ಗೇಮ್ ಮಾಸ್ಟರ್ ಒಬ್ಬರ ಪಾಲು. ಏನಾಗುತ್ತದೆಂದು ಖಚಿತವಿಲ್ಲದಾಗ 20 ಮುಖದ ದಾಳ ತೀರ್ಮಾನಿಸುತ್ತದೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಇದನ್ನು ಹೊರತಂದಾಗ ಪೆಟ್ಟಿಗೆಯೊಳಗಿದ್ದದ್ದು ಮೂರು ಪುಟ್ಟ ಪುಸ್ತಿಕೆಗಳು. ಇಂದು ಅದೇ ಆಟ ರೋಲ್20, ಫೌಂಡ್ರಿ, ಫ್ಯಾಂಟಸಿ ಗ್ರೌಂಡ್ಸ್ ಮುಂತಾದ ತಂತ್ರಾಂಶಗಳೊಳಗೆ ನಡೆಯುತ್ತಿದೆ. ನಕ್ಷೆ, ದಾಳ, ಸರದಿ, ಗಾಯದ ಲೆಕ್ಕ ಎಲ್ಲವೂ ಪರದೆಯ ಮೇಲೆ. ಮೇಜಿನ ಕೆಲಸವನ್ನು ಹೀಗೆ ಯಂತ್ರಕ್ಕೆ ಒಪ್ಪಿಸಬೇಕೇ?

ಪರ: ಲೆಕ್ಕ ಯಂತ್ರಕ್ಕಿರಲಿ

ಕಾಲೇಜಿನಲ್ಲಿ ಒಟ್ಟಿಗೆ ಆಡಲು ತೊಡಗಿದ ಬೆಂಗಳೂರಿನ ಗುಂಪೊಂದನ್ನು ಊಹಿಸಿಕೊಳ್ಳಿ. ಓದು ಮುಗಿದು ಕೆಲವು ವರ್ಷಗಳಾಗುವಷ್ಟರಲ್ಲಿ ಒಬ್ಬಳು ಡಬ್ಲಿನ್‌ನಲ್ಲಿ, ಇನ್ನೊಬ್ಬ ನ್ಯೂಜೆರ್ಸಿಯಲ್ಲಿ. ಉಳಿದವರು ವೈಟ್‌ಫೀಲ್ಡ್, ಕೆಂಗೇರಿ ಎಂದು ಹಂಚಿಹೋಗಿರುತ್ತಾರೆ. ವಾರದ ದಿನ ಸಂಜೆ ವೈಟ್‌ಫೀಲ್ಡಿನವರೂ ಕೆಂಗೇರಿಯವರೂ ಒಂದೆಡೆ ಸೇರುವುದು ಡಬ್ಲಿನ್‌ನವಳನ್ನು ಪರದೆಯ ಮೇಲೆ ಸೇರಿಸಿಕೊಳ್ಳುವುದಕ್ಕಿಂತ ಕಷ್ಟ. ಬೇಸಿಗೆಯ ತಿಂಗಳುಗಳಲ್ಲಿ ಶನಿವಾರ ರಾತ್ರಿ 8ಕ್ಕೆ ಇಲ್ಲಿ ಆಟ ಆರಂಭಿಸಿದರೆ ಡಬ್ಲಿನ್‌ನಲ್ಲಿ ಮಧ್ಯಾಹ್ನ 3.30, ನ್ಯೂಜೆರ್ಸಿಯಲ್ಲಿ ಬೆಳಿಗ್ಗೆ 10.30. ಯಾರೂ ನಿದ್ದೆ ಕೆಡಬೇಕಾಗಿಲ್ಲ. ರೋಲ್20 ಹುಟ್ಟಿದ್ದೇ ಇಂಥ ಅಗತ್ಯದಿಂದ. ಊರೂರಿಗೆ ಚದುರಿದ ಕಾಲೇಜು ಗೆಳೆಯರು ಆಟ ಬಿಡಲು ಮನಸ್ಸಾಗದೆ ಕಟ್ಟಿದ್ದು ಅದು. 2012ರಲ್ಲಿ ಜನರಿಂದ ಹಣ ಕೂಡಿಸಿ ಅದನ್ನು ಸಾರ್ವಜನಿಕರಿಗೆ ತೆರೆದರು.

ದೂರದ ಮಾತು ಬಿಡಿ. ಒಂದೇ ಕೋಣೆಯಲ್ಲಿ ಕುಳಿತವರಿಗೂ ತಂತ್ರಾಂಶ ಬೇಕೆಂಬುದು ನನ್ನ ವಾದ. ಮಾಂತ್ರಿಕನೊಬ್ಬ ಓರ್ಕ್ ಎಂಬ ಒಂಬತ್ತು ರಾಕ್ಷಸರ ನಡುವೆ ಫೈರ್‌ಬಾಲ್ ಎಂಬ ಬೆಂಕಿಯುಂಡೆಯ ಮಂತ್ರ ಎಸೆದ ಎನ್ನಿ. ಐದನೆಯ ಆವೃತ್ತಿಯ ನಿಯಮದಂತೆ ಆರು ಮುಖದ ಎಂಟು ದಾಳ ಉರುಳಿಸಬೇಕು. ಮೊತ್ತ ಸರಾಸರಿ 28. ಪ್ರತಿ ಓರ್ಕ್‌ಗೂ ಪ್ರತ್ಯೇಕವಾಗಿ ದಾಳ ಹಾಕಿ, ತಪ್ಪಿಸಿಕೊಂಡವನಿಗೆ ಅರ್ಧ ಪೆಟ್ಟು, ಅಂದರೆ 14. 2014ರ ಪುಸ್ತಕದಲ್ಲಿ ಸಾಮಾನ್ಯ ಓರ್ಕ್‌ಗೆ 15 ಹಿಟ್ ಪಾಯಿಂಟ್, ಅಂದರೆ 15 ಪೆಟ್ಟು ಬಿದ್ದರೆ ಅವನ ಕಥೆ ಮುಗಿಯಿತು. ಆದ್ದರಿಂದ ಸತ್ತವರೆಷ್ಟು, ಒಂದೇ ಒಂದು ಪಾಯಿಂಟ್ ಉಳಿಸಿಕೊಂಡು ಕುಂಟುತ್ತಿರುವವರು ಯಾರು ಯಾರು ಎಂದು ಮಾಸ್ಟರ್ ಪೆನ್ಸಿಲಿನಲ್ಲಿ ಬರೆದುಕೊಳ್ಳುವಷ್ಟರಲ್ಲಿ ಉಳಿದವರು ಮೊಬೈಲ್ ತೆರೆದಿರುತ್ತಾರೆ. ಫೌಂಡ್ರಿಯಲ್ಲಿ ಇದು ಕ್ಷಣದ ಕೆಲಸ. ಉಳಿದ ಸಮಯದಲ್ಲಿ ಬೆಂಕಿ ಹೇಗಿತ್ತೆಂದು ಮಾಸ್ಟರ್ ವರ್ಣಿಸಬಹುದು. ಕಲ್ಪನೆಗೆ ಕೊಡಲಿ ಏಟು ಹಾಕುವುದು ತಂತ್ರಾಂಶವಲ್ಲ, ಕೂಡಿಸುವ ಕಳೆಯುವ ಲೆಕ್ಕ.

ಕೈಯಿಂದ ಆಗದ ಕೆಲಸವೂ ಒಂದಿದೆ. 2014ರ ಪುಸ್ತಕದಂತೆ ಗುಹೆಯ ಕತ್ತಲಲ್ಲಿ ಡ್ವಾರ್ಫ್ ಎಂಬ ಕುಳ್ಳ ಜನಾಂಗದ ಪಾತ್ರಕ್ಕೆ ಅರವತ್ತು ಅಡಿ ಕಾಣುತ್ತದೆ, ಪಕ್ಕದಲ್ಲಿರುವ ಮನುಷ್ಯನಿಗೆ ಏನೂ ಕಾಣುವುದಿಲ್ಲ. ಪರದೆಯಲ್ಲಿ ಪ್ರತಿಯೊಬ್ಬರಿಗೂ ಅವರವರ ಕಣ್ಣಿಗೆ ಬೀಳುವಷ್ಟೇ ನಕ್ಷೆ ತೆರೆಯುತ್ತದೆ. ಪಂಜು ಹಿಡಿದವನು ಮೂಲೆ ತಿರುಗಿದರೆ ಹಿಂದೆ ಬಂದವನ ಪರದೆ ಕಪ್ಪಾಗುತ್ತದೆ. ಹಾಗೆ ಕಪ್ಪಾದಾಗ ಆಟಗಾರನ ಬಾಯಿಂದ ಬರುವ ಉದ್ಗಾರ ಮೇಜಿನ ಮೇಲೆ ಬಿಡಿಸಿದ ನಕ್ಷೆಯಿಂದ ಬರುವುದಿಲ್ಲ.

ಖರ್ಚಿನ ಮಾತೂ ಇದೆ. ಮೇಜಿನ ಮೇಲಿಡುವ ಪಾತ್ರಗಳ ಗೊಂಬೆಗಳನ್ನೂ ದಪ್ಪ ನಿಯಮ ಪುಸ್ತಕಗಳನ್ನೂ ವಿದೇಶದಿಂದ ತರಿಸುವವರಿಗೆ ಅದರ ಬಿಸಿ ಗೊತ್ತು. 2020ರಲ್ಲಿ ಬಂದ ಫೌಂಡ್ರಿಗೆ ಮಾಸ್ಟರ್ ಒಬ್ಬರು ಒಮ್ಮೆ 50 ಡಾಲರ್ ಕೊಟ್ಟರೆ ಮುಗಿಯಿತು, ಆಟಗಾರರಿಗೆ ಬ್ರೌಸರ್ ಸಾಕು. ಮ್ಯಾಪ್‌ಟೂಲ್ ಪೂರ್ತಿ ಉಚಿತ, ಮುಕ್ತ ತಂತ್ರಾಂಶ. ನೋಡಲು ಅಷ್ಟು ಚೆನ್ನಾಗಿಲ್ಲ, ನಿಜ.

ವಿರೋಧ: ಗುಂಡಿಯಿಲ್ಲದ ಉಪಾಯ

ಒಂಬತ್ತು ಓರ್ಕ್‌ಗಳ ಲೆಕ್ಕ ಬೇಸರದ್ದು, ಒಪ್ಪಿದೆ. ಆದರೆ ತಂತ್ರಾಂಶ ಲೆಕ್ಕವನ್ನಷ್ಟೇ ಎತ್ತಿಕೊಂಡು ಹೋಗುವುದಿಲ್ಲ.

ಆಟಗಾರ್ತಿಯೊಬ್ಬಳು, "ಚಾವಣಿಯಿಂದ ತೂಗುತ್ತಿರುವ ದೀಪದ ಹಗ್ಗ ಕತ್ತರಿಸುತ್ತೇನೆ, ಅದು ಅವರ ತಲೆಯ ಮೇಲೆ ಬೀಳಲಿ" ಎನ್ನುತ್ತಾಳೆ. ಇದಕ್ಕೆ ನೇರವಾದ ನಿಯಮ ಪುಸ್ತಕದಲ್ಲಿಲ್ಲ. ಮಾಸ್ಟರ್ ಒಂದು ಕ್ಷಣ ಯೋಚಿಸಿ, "ಹಾಕಮ್ಮ ದಾಳ, 13ಕ್ಕಿಂತ ಕಡಿಮೆ ಬಿದ್ದರೆ ದೀಪ ನಿನ್ನ ಮೇಲೇ" ಎನ್ನುತ್ತಾರೆ. ಈ ಚೌಕಾಸಿಯೇ ಆಟದ ಜೀವ. ತಂತ್ರಾಂಶವೇನೂ ಇದನ್ನು ತಡೆಯುವುದಿಲ್ಲ, ಆದರೆ ಕಣ್ಣೆದುರಿಗೆ ಕ್ಯಾರೆಕ್ಟರ್ ಶೀಟಿನ, ಅಂದರೆ ಪಾತ್ರದ ವಿವರಗಳ ಹಾಳೆಯ, ಗುಂಡಿಗಳ ಸಾಲು ಇರುತ್ತದೆ: ಕತ್ತಿ, ಬಿಲ್ಲು, ಮಂತ್ರ. ಹೊಸಬರು ಸರದಿ ಬಂದಾಗ ಆ ಸಾಲಿನ ಮೇಲೆ ಕಣ್ಣಾಡಿಸಿ ಒಂದನ್ನು ಒತ್ತುತ್ತಾರೆ. ಹಗ್ಗ ಕತ್ತರಿಸಲು ಗುಂಡಿಯಿಲ್ಲ, ಆದ್ದರಿಂದ ಹಗ್ಗ ನೆನಪಾಗುವುದೂ ಇಲ್ಲ. ಏನೇನು ಸೇರಿ ಮೊತ್ತ 17 ಆಯಿತೆಂದು ಕೇಳಿದರೆ ಅವರಿಗೆ ಗೊತ್ತಿರುವುದಿಲ್ಲ, ಪರದೆ ಹಾಗೆ ಹೇಳಿತು.

ಮಾಸ್ಟರ್‌ಗೂ ಇದೇ ಗತಿ. ಬೆಳಕು ನೆರಳಿನ ಆ ಅದ್ಭುತ ನಕ್ಷೆಗೆ ಯಾರೋ ಒಬ್ಬರು ಗೋಡೆ ಗೋಡೆಗೂ ಗೆರೆ ಎಳೆದು, ಪ್ರತಿ ಬಾಗಿಲಿಗೂ ಗುರುತು ಹಾಕಿ, ಪಂಜುಗಳಿಗೆ ಅಳತೆ ಕೊಟ್ಟಿರಬೇಕು. ಸಂಜೆಯೆಲ್ಲ ಅದಕ್ಕೇ ಹೋಗಿರುತ್ತದೆ. ಅಷ್ಟರಲ್ಲಿ ಆಟಗಾರರು, "ಗುಹೆ ಬೇಡ, ಬಂದರಿಗೆ ಹೋಗಿ ಹಡಗು ಕದಿಯೋಣ" ಎಂದರೆ? ಕಾಗದದ ಮೇಲೆ ಆಡುವ ಮಾಸ್ಟರ್ ಒಂದು ಖಾಲಿ ಹಾಳೆ ತೆಗೆದು ಮೂರು ಗೆರೆಗಳಲ್ಲಿ ಬಂದರು ಬಿಡಿಸುತ್ತಾರೆ. ಪರದೆಯ ಮಾಸ್ಟರ್ ಮೆಲ್ಲಗೆ, ಸೌಜನ್ಯದಿಂದ, ಎಲ್ಲರನ್ನೂ ಗುಹೆಗೇ ಮರಳಿಸುತ್ತಾರೆ. ನಕ್ಷೆ ಎಲ್ಲಿದೆಯೋ ಕಥೆ ಅಲ್ಲಿಗೆ ಹೋಗುತ್ತದೆ.

ಹಳೆಯ ಪದ್ಧತಿಯಲ್ಲಿ ನಕ್ಷೆ ಬರೆಯುವುದು ಆಟಗಾರರ ಕೆಲಸವಾಗಿತ್ತು. 1981ರ ಬೇಸಿಕ್ ಆವೃತ್ತಿಯ ಪುಸ್ತಕವೇ ಆ ಹೊಣೆಯನ್ನು ಒಬ್ಬ ಆಟಗಾರನಿಗೆ ವಹಿಸುತ್ತದೆ. ಮಾಸ್ಟರ್ ಬಾಯಲ್ಲಿ ಹೇಳುತ್ತಾರೆ, ಉತ್ತರಕ್ಕೆ ಮೂವತ್ತು ಅಡಿ, ಎಡಕ್ಕೆ ಬಾಗಿಲು ಎಂದು. ಆತ ಚೌಕಳಿ ಹಾಳೆಯಲ್ಲಿ ಬರೆದುಕೊಳ್ಳುತ್ತಾನೆ. ತಪ್ಪು ಬರೆದರೆ ಗುಂಪೆಲ್ಲ ದಾರಿ ತಪ್ಪುತ್ತದೆ. ಸರಿಯಾಗಿ ಬರೆದರೆ ಒಂದು ಹೊತ್ತಿನಲ್ಲಿ ಅವನೇ ಪೆನ್ಸಿಲ್ ನಿಲ್ಲಿಸಿ, "ಈ ಎರಡು ಕೋಣೆಗಳ ನಡುವೆ ಹತ್ತು ಅಡಿ ಲೆಕ್ಕಕ್ಕೆ ಸಿಗುತ್ತಿಲ್ಲವಲ್ಲ" ಎನ್ನುತ್ತಾನೆ. ಅಲ್ಲಿ ಗುಪ್ತ ಕೋಣೆ ಇರುತ್ತದೆ. ಯಾವ ದಾಳವೂ ಉರುಳದೆ, ಬರೀ ಕಿವಿಗೊಟ್ಟು ಕೇಳಿದ್ದಕ್ಕೆ ಸಿಕ್ಕ ಫಲ ಅದು. ತಾನಾಗಿ ತೆರೆದುಕೊಳ್ಳುವ ನಕ್ಷೆ ಈ ಸುಖವನ್ನು ಪೂರ್ತಿಯಾಗಿ ಕಿತ್ತುಕೊಂಡಿದೆ. ಡ್ವಾರ್ಫ್‌ಗೆ ಮಾತ್ರ ಕಾಣುವುದೇನಿದೆಯೋ ಅದನ್ನು ಮಾಸ್ಟರ್ ಚೀಟಿಯಲ್ಲಿ ಬರೆದು ದಾಟಿಸಲಿ. ಉಳಿದವರಿಗೆ ಅದನ್ನು ಹೇಳಬೇಕೋ, ಬಚ್ಚಿಡಬೇಕೋ ಎಂಬುದು ಆ ಆಟಗಾರನ ತಲೆನೋವಾಗಲಿ. ವೇಷವಾಗಲೀ ಬಣ್ಣವಾಗಲೀ ಇಲ್ಲದೆ ತಾಳಮದ್ದಳೆಯ ಅರ್ಥಧಾರಿಗಳು ಮಾತಿನಲ್ಲೇ ಕುರುಕ್ಷೇತ್ರ ನಿಲ್ಲಿಸುವುದನ್ನು ರಾತ್ರಿಯಿಡೀ ಕೇಳಿದ ನಾಡಿನವರಿಗೆ ಕತ್ತಲೆ ತೋರಿಸಲು ಪರದೆ ಯಾಕೆ?

ಇನ್ನು ಒಡೆತನ. ಈ ಆಟದ ನಿಯಮಗಳನ್ನೂ ಕ್ಯಾರೆಕ್ಟರ್ ಶೀಟುಗಳನ್ನೂ ಜಾಲದಲ್ಲಿ ಒದಗಿಸುವ ಡಿ ಅಂಡ್ ಡಿ ಬಿಯಾಂಡ್ ಎಂಬ ಸೇವೆಯನ್ನು ಆಟದ ಒಡೆಯರಾದ ಹ್ಯಾಸ್ಬ್ರೊ ಕಂಪನಿ 2022ರಲ್ಲಿ ಸುಮಾರು 14.6 ಕೋಟಿ ಡಾಲರ್‌ಗೆ ಕೊಂಡಿತು. 2024ರ ಆಗಸ್ಟ್‌ನಲ್ಲಿ, ಹೊಸ ಆವೃತ್ತಿ ಬರುತ್ತಿದೆ, ಆದ್ದರಿಂದ ಎಲ್ಲರ ಕ್ಯಾರೆಕ್ಟರ್ ಶೀಟ್‌ಗಳಲ್ಲೂ ಹಳೆಯ ಮಂತ್ರಗಳ ಜಾಗಕ್ಕೆ ಹೊಸವು ಬರುತ್ತವೆ ಎಂಬ ಪ್ರಕಟಣೆ ಬಂತು. ದುಡ್ಡು ಕೊಟ್ಟು ಕೊಂಡ ನಿಯಮಗಳು ಆಟದ ಮಧ್ಯದಲ್ಲೇ ಬದಲಾಗಲಿದ್ದವು. ಆಟಗಾರರು ಗದ್ದಲ ಎಬ್ಬಿಸಿದ ಮೇಲೆ ಕೆಲವೇ ದಿನಗಳಲ್ಲಿ ಹಿಂದೆ ಸರಿದರು, ಸರಿ. ಆದರೆ ಹಾಗೆ ಮಾಡುವ ಶಕ್ತಿ ಯಾರ ಕೈಯಲ್ಲಿದೆ ಎಂಬುದು ಎಲ್ಲರಿಗೂ ತಿಳಿಯಿತು. ಅದೇ ಸಂಸ್ಥೆಯ ಮೂರು ಆಯಾಮದ ಡಿಜಿಟಲ್ ಮೇಜು ಸಿಗಿಲ್ 2025ರ ಫೆಬ್ರುವರಿಯಲ್ಲಿ ಬಂತು. ಮರುತಿಂಗಳೇ ಅದನ್ನು ಕಟ್ಟಿದ ತಂಡದ ಬಹುಪಾಲು ಜನರನ್ನು ಮನೆಗೆ ಕಳುಹಿಸಿದರು.

ಫೌಂಡ್ರಿ ನಮ್ಮದೇ ಕಂಪ್ಯೂಟರಿನಲ್ಲಿ ಇರುತ್ತದಲ್ಲ ಎನ್ನುವಿರಿ. ಇರುತ್ತದೆ. ಇಲ್ಲಿನ ಎಷ್ಟೋ ಮನೆಗಳ ಇಂಟರ್‌ನೆಟ್‌ಗೆ ಹೊರಗಿನವರು ನೇರವಾಗಿ ತಲುಪಬಲ್ಲ ಸ್ವಂತದ ಸಾರ್ವಜನಿಕ ಐಪಿ ವಿಳಾಸವಿಲ್ಲ. ಫೌಂಡ್ರಿಯ ಬಾಗಿಲಾದ ಪೋರ್ಟ್ 30000 ತೆರೆದಿಟ್ಟು ಕುಳಿತರೂ ಡಬ್ಲಿನ್‌ನ ಗೆಳತಿ ಒಳಗೆ ಬರಲಾರಳು. ಕೊನೆಗೆ ಸರ್ವರ್ ಬಾಡಿಗೆಗೆ ಹಿಡಿಯಬೇಕು, ಮಾಡ್ಯೂಲ್ ಎಂಬ ಹೆಚ್ಚುವರಿ ತುಣುಕುಗಳನ್ನು ಕೂಡಿಸಬೇಕು, ಹೊಸ ಆವೃತ್ತಿ ಬಂದಾಗ ಅವುಗಳಲ್ಲಿ ಯಾವುದು ಕೆಟ್ಟಿತೆಂದು ಹುಡುಕಬೇಕು. ಕಚೇರಿಯಲ್ಲಿ ವಾರವಿಡೀ ಮಾಡುವ ಕೆಲಸವನ್ನೇ ಶನಿವಾರವೂ ಮಾಡಿದಂತೆ.

ದೂರದ ಗೆಳೆಯರೊಂದಿಗೆ ವಿಡಿಯೊ ಕರೆಯಲ್ಲಿ ಆಡುವುದಕ್ಕೆ ನನ್ನ ತಕರಾರಿಲ್ಲ. ಯುದ್ಧದಲ್ಲಿ ಯಾರೆಲ್ಲಿ ನಿಂತಿದ್ದಾರೆಂದು ತೋರಿಸಲು ಓಲ್‌ಬೇರ್ ರೋಡಿಯೊದಂಥ ಸರಳ ಚೌಕಳಿಯೂ ಇರಲಿ; ಅದಕ್ಕೆ ನಿಯಮಗಳು ಗೊತ್ತಿಲ್ಲ, ಅದೇ ಅದರ ಗುಣ. ಪೆಟ್ಟು ಬಿತ್ತೋ ಇಲ್ಲವೋ ಎಂದು ಹೇಳುವ ಕೆಲಸವನ್ನು ಮಾತ್ರ ಪರದೆಗೆ ಬಿಡಬಾರದು. ದಾಳ ಉರುಳಿಸಿದವರು ಗಟ್ಟಿಯಾಗಿ ಸಂಖ್ಯೆ ಹೇಳಲಿ, ಮಾಸ್ಟರ್ ತೀರ್ಪು ಕೊಡಲಿ, ಒಪ್ಪದಿದ್ದರೆ ಜಗಳವಾಡಲಿ.