ಜಪಾನಿನ ಮಕ್ಕಳ ಶಾಲಾ ಪ್ರವಾಸ ನೋಡಿದ ಮೇಲೆ

ಶಿಕ್ಷಕರ ಅಧ್ಯಯನ ಪ್ರವಾಸ ಅಂತ ಜಪಾನಿಗೆ ಹೋಗಿ ಬಂದಾಗಿನಿಂದ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. ಅಲ್ಲಿ ಮಕ್ಕಳೇ ಶಾಲೆ ಗುಡಿಸುತ್ತಾರಂತೆ, ಹೌದಾ? ಹೌದು, ಗುಡಿಸುತ್ತಾರೆ. ಆ ವಿಡಿಯೋ ನೀವೆಲ್ಲ ವಾಟ್ಸಾಪ್‌ನಲ್ಲಿ ನೋಡಿದ್ದೀರಿ. ನಮ್ಮ ಹಳ್ಳಿ ಶಾಲೆಗಳ ಮಕ್ಕಳೂ ಅಂಗಳ ಗುಡಿಸಿ, ಗಿಡಕ್ಕೆ ನೀರು ಹಾಕಿಯೇ ಪ್ರಾರ್ಥನೆಗೆ ನಿಲ್ಲುವುದು, ಅದನ್ನು ಯಾರೂ ವಿಡಿಯೋ ಮಾಡುವುದಿಲ್ಲ ಅಷ್ಟೇ.

ನನ್ನ ತಲೆಯಲ್ಲಿ ಕೂತಿರುವುದು ಬೇರೆ ವಿಷಯ. ನಾರಾ, ಕ್ಯೋಟೋ, ಹಿರೋಶಿಮಾ, ಎಲ್ಲಿಗೆ ಹೋದರೂ ನಮಗಿಂತ ಮೊದಲೇ ಶಾಲಾ ಮಕ್ಕಳು ಬಂದಿರುತ್ತಿದ್ದರು. ಸಮವಸ್ತ್ರ, ಬೆನ್ನಿಗೆ ಬ್ಯಾಗು, ಕೈಯಲ್ಲೊಂದು ಚಿಕ್ಕ ಪುಸ್ತಿಕೆ. ಅವರು ಬಂದಿದ್ದೂ ಪ್ರವಾಸಕ್ಕೇ. ಆದರೆ ಅವರ ಪ್ರವಾಸಕ್ಕೂ ನಾವು ಪ್ರತಿವರ್ಷ ಡಿಸೆಂಬರ್‌ನಲ್ಲಿ ಹೊರಡಿಸುವ ಪ್ರವಾಸಕ್ಕೂ ಎಷ್ಟು ವ್ಯತ್ಯಾಸ!

ಅಲ್ಲಿ ಶಾಲಾ ಪ್ರವಾಸ ಪಠ್ಯಕ್ರಮದ ಭಾಗ. ಸಾಮಾನ್ಯವಾಗಿ ಪ್ರಾಥಮಿಕ ಶಾಲೆಯ ಕೊನೆಯ ವರ್ಷ ಒಮ್ಮೆ, ಮಾಧ್ಯಮಿಕದಲ್ಲಿ ಒಮ್ಮೆ, ಹೈಸ್ಕೂಲಿನಲ್ಲಿ ಒಮ್ಮೆ. ಎಷ್ಟೋ ಶಾಲೆಗಳಲ್ಲಿ ಪೋಷಕರು ಇದಕ್ಕಾಗಿ ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ ಹಣ ಕಟ್ಟುತ್ತಾ ಬರುತ್ತಾರೆ. ಇದು ಇವತ್ತಿನದೂ ಅಲ್ಲ. 1886ರಲ್ಲಿ ಟೋಕಿಯೋದ ಶಿಕ್ಷಕರ ತರಬೇತಿ ಶಾಲೆಯ ವಿದ್ಯಾರ್ಥಿಗಳು ಚಿಬಾ ಪ್ರಾಂತ್ಯದ ಕಡಲ ತೀರದವರೆಗೆ ದಿನಗಟ್ಟಲೆ ನಡೆದುಕೊಂಡು ಹೋಗಿದ್ದರು. ಒಂದು ಕಡೆ ಕವಾಯತು, ಇನ್ನೊಂದು ಕಡೆ ದಾರಿಯುದ್ದಕ್ಕೂ ಗಿಡ, ಪ್ರಾಣಿಗಳ ಅಧ್ಯಯನ. ಜಪಾನಿನ ಶಾಲಾ ಪ್ರವಾಸದ ಶುರು ಅಲ್ಲಿಂದ ಅನ್ನುತ್ತಾರೆ. ಮೊದಲು ಹೊರಟವರು ಮುಂದೆ ಮೇಷ್ಟ್ರುಗಳಾಗುವವರು ಅನ್ನುವುದು ನನಗೆ ತುಂಬಾ ಇಷ್ಟವಾಯಿತು. 1959ರಲ್ಲಂತೂ ಅವರ ರೈಲ್ವೆ ಶಾಲಾ ಪ್ರವಾಸದ ಮಕ್ಕಳಿಗೆಂದೇ ಪ್ರತ್ಯೇಕ ರೈಲು ಬೋಗಿಗಳನ್ನು ಕಟ್ಟಿಸಿ ಓಡಿಸಿತು. ಬುಲೆಟ್ ರೈಲು ಬಂದದ್ದು 1964ರಲ್ಲಿ. ಅಂದರೆ ಅದಕ್ಕೂ ಮೊದಲೇ ಮಕ್ಕಳ ರೈಲು ಬಂದಿತ್ತು.

ನಾರಾದ ತೋದೈಜಿ ದೇವಾಲಯದ ಹೊರಗೆ ನಾಲ್ಕೈದು ಮಕ್ಕಳ ಗುಂಪೊಂದು ನಮ್ಮ ಹತ್ತಿರ ಬಂತು. ಬರೆದಿಟ್ಟುಕೊಂಡಿದ್ದ ಇಂಗ್ಲಿಷ್ ಪ್ರಶ್ನೆಗಳನ್ನು ಒಬ್ಬೊಬ್ಬರಾಗಿ ಕೇಳಿದರು. ಎಲ್ಲಿಂದ ಬಂದಿದ್ದೀರಿ, ಜಪಾನಿನಲ್ಲಿ ಏನು ಇಷ್ಟವಾಯಿತು, ಇಂಥವೇ. ಒಬ್ಬ ಕೇಳುವುದು, ಇನ್ನೊಬ್ಬಳು ಬರೆದುಕೊಳ್ಳುವುದು, ಮತ್ತೊಬ್ಬ ಸಮಯ ನೋಡಿಕೊಳ್ಳುವುದು. ಇಂಡಿಯಾ ಅಂದ ತಕ್ಷಣ ಬರೆಯುತ್ತಿದ್ದ ಹುಡುಗಿ ಪುಸ್ತಿಕೆ ತಿರುವಿ ಒಂದು ಹೆಸರು ತೋರಿಸಿದಳು. ಬೋಧಿಸೇನ. 736ರಲ್ಲಿ ಚೀನಾ ಮೂಲಕ ಜಪಾನ್ ತಲುಪಿದ ಭಾರತದ ಭಿಕ್ಷು. 752ರಲ್ಲಿ ಅಲ್ಲಿನ ಮಹಾಬುದ್ಧನ ವಿಗ್ರಹಕ್ಕೆ ಕಣ್ಣು ತೆರೆಸುವ ಶಾಸ್ತ್ರ ನಡೆಸಿಕೊಟ್ಟವರು ಅವರೇ. ಸುಮಾರು 15 ಮೀಟರ್ ಎತ್ತರದ ಕಂಚಿನ ಬುದ್ಧ! ನಾನು ಸಮಾಜ ವಿಜ್ಞಾನ ಪಾಠ ಮಾಡುವವಳು, ನಮ್ಮ ಪಠ್ಯದಲ್ಲಿ ಈ ಹೆಸರನ್ನು ಕಂಡಿಲ್ಲ. ಜಪಾನಿನ ಮಗುವೊಂದು ಮನೆ ಬಿಡುವ ಮೊದಲೇ ಅದನ್ನು ಓದಿ, ಗುರುತು ಹಾಕಿಕೊಂಡು ಬಂದಿತ್ತು.

ವಿಷಯ ಇರುವುದೇ ಇಲ್ಲಿ. ಪ್ರವಾಸ ಶುರುವಾಗುವುದು ಬಸ್ ಹತ್ತಿದಾಗಲ್ಲ, ಅದಕ್ಕೂ ಎಷ್ಟೋ ವಾರ ಮುಂಚೆ. ಮಕ್ಕಳು ಗುಂಪಾಗಿ ಕೂತು ಎಲ್ಲಿಗೆ ಹೋಗಬೇಕು, ಏಕೆ ಹೋಗಬೇಕು, ಅಲ್ಲಿ ಏನು ಕೇಳಬೇಕು ಅಂತ ತಾವೇ ಹುಡುಕುತ್ತಾರೆ. ಪುಸ್ತಿಕೆ ತಯಾರಿಸುವುದರಲ್ಲೂ ಅವರ ಕೈ ಇರುತ್ತದೆ. ಕ್ಯೋಟೋದಲ್ಲಿ ಹಲವು ಶಾಲೆಗಳು ಒಂದು ದಿನವನ್ನು ಪೂರ್ತಿ ಮಕ್ಕಳ ಕೈಗೇ ಕೊಡುತ್ತವೆ. ನಕ್ಷೆ ಹಿಡಿದು ಸಿಟಿ ಬಸ್‌ನಲ್ಲಿ ಗುಂಪು ಗುಂಪಾಗಿ ಓಡಾಡುತ್ತಾರೆ, ಶಿಕ್ಷಕರು ಗೊತ್ತು ಮಾಡಿದ ಜಾಗಗಳಲ್ಲಿ ಕಾದಿರುತ್ತಾರೆ. ಬಸ್ ತಪ್ಪಿದರೆ ಮುಂದೇನು ಅಂತ ಮಕ್ಕಳೇ ಯೋಚಿಸಬೇಕು. ವಾಪಸ್ ಬಂದ ಮೇಲೆ ಕಂಡದ್ದನ್ನು ಗೋಡೆ ಪತ್ರಿಕೆ ಮಾಡಿ, ಕಿರಿಯರ ಮುಂದೆ ನಿಂತು ಹೇಳಬೇಕು.

ಹಿರೋಶಿಮಾದ ಬಗ್ಗೆ ಬರೆಯುವುದು ನನಗೆ ಕಷ್ಟ. ಗುಮ್ಮಟದ ಅವಶೇಷ, ಮ್ಯೂಸಿಯಂ ಎಲ್ಲರಿಗೂ ಗೊತ್ತು. ನನ್ನನ್ನು ತಡೆದು ನಿಲ್ಲಿಸಿದ್ದು ಫುಕುರೊಮಾಚಿ ಪ್ರಾಥಮಿಕ ಶಾಲೆ. ಬಾಂಬ್ ಬಿದ್ದ ಜಾಗದಿಂದ ಅರ್ಧ ಕಿಲೋಮೀಟರೂ ಇಲ್ಲ. 1945ರ ಆಗಸ್ಟ್ 6ರ ನಂತರ ಉಳಿದ ಕಾಂಕ್ರೀಟ್ ಕಟ್ಟಡದಲ್ಲಿ ಗಾಯಾಳುಗಳಿಗೆ ಚಿಕಿತ್ಸೆ ನಡೆಯಿತು. ಮಸಿ ಹಿಡಿದು ಕಪ್ಪಾದ ಗೋಡೆಗಳ ಮೇಲೆ ಜನ ಸೀಮೆಸುಣ್ಣದಲ್ಲಿ ಬರೆದರು. ಇಂಥವರು ಎಲ್ಲಿದ್ದಾರೆ, ನಾವು ಇಂಥಲ್ಲಿದ್ದೇವೆ ಅಂತ. ಬರೆದವರಲ್ಲಿ ಶಿಕ್ಷಕರೂ ಇದ್ದರು. ಮೇಲೆ ಗಾರೆ ಬಿದ್ದು ದಶಕಗಳ ಕಾಲ ಮುಚ್ಚಿಹೋಗಿದ್ದ ಆ ಅಕ್ಷರಗಳು ಹಳೆ ಕಟ್ಟಡ ಕೆಡವುವ ಹೊತ್ತಿಗೆ ಮತ್ತೆ ಸಿಕ್ಕವು. ದಿನವೂ ಸೀಮೆಸುಣ್ಣ ಹಿಡಿಯುವ ನನಗೆ ಅದರ ಮುಂದೆ ಮಾತೇ ಬರಲಿಲ್ಲ. ಪಕ್ಕದಲ್ಲಿ ನಿಂತಿದ್ದ ಮಕ್ಕಳು ಒಂದೊಂದು ಸಾಲನ್ನೂ ನಿಧಾನಕ್ಕೆ ಓದುತ್ತಿದ್ದರು, ಅವರನ್ನು ಯಾರೂ ಅವಸರ ಮಾಡಲಿಲ್ಲ.

ಹಾಗಂತ ಜಪಾನ್ ಸ್ವರ್ಗ ಅಂತ ನಾನು ಹೇಳುವುದಿಲ್ಲ. ಅಲ್ಲಿ ನಾಲ್ಕನೇ ಕ್ಲಾಸಿನವರೆಗೆ ಪರೀಕ್ಷೆಯೇ ಇಲ್ಲ ಅಂತ ಓಡಾಡುವ ಮೆಸೇಜ್ ಸುಳ್ಳು. ಒಂದನೇ ಕ್ಲಾಸಿನಿಂದಲೇ ಪಾಠ ಮುಗಿದ ಹಾಗೆ ಟೆಸ್ಟ್ ಇರುತ್ತದೆ, ಮುಂದೆ ಪ್ರವೇಶ ಪರೀಕ್ಷೆಗೆ ಟ್ಯೂಷನ್ ಬೇರೆ. 2023ರ ಸಾಲಿನಲ್ಲಿ ದೀರ್ಘಕಾಲ ಶಾಲೆಗೆ ಹೋಗದೆ ಉಳಿದ ಪ್ರಾಥಮಿಕ, ಮಾಧ್ಯಮಿಕ ಮಕ್ಕಳ ಸಂಖ್ಯೆ 3 ಲಕ್ಷ 46 ಸಾವಿರ ದಾಟಿತ್ತು. ಶಿಕ್ಷಕರ ಪಾಡು? 2018ರ ಅಂತರರಾಷ್ಟ್ರೀಯ ಸಮೀಕ್ಷೆಯಲ್ಲಿ ಜಪಾನಿನ ಮಾಧ್ಯಮಿಕ ಶಿಕ್ಷಕರು ವಾರಕ್ಕೆ 56 ಗಂಟೆ ದುಡಿಯುತ್ತಿದ್ದರು. ಓವರ್‌ಟೈಮ್ ಬದಲಿಗೆ ಸಂಬಳದ ಮೇಲೆ ಬರೀ 4 ಪರ್ಸೆಂಟ್ ಕೊಡುವ 1971ರ ಕಾನೂನನ್ನು ಬದಲಾಯಿಸಲು 2025ರವರೆಗೆ ಕಾಯಬೇಕಾಯಿತು. ಪ್ರವಾಸದ ರಾತ್ರಿಗಳಲ್ಲಿ ಹೋಟೆಲ್ ಕಾರಿಡಾರ್ ಕಾಯುವುದೂ ಇವರೇ. ಆ ಚಂದದ ಪುಸ್ತಿಕೆಯ ಹಿಂದೆ ಇವರ ನಿದ್ದೆ ಇದೆ. ಅದನ್ನು ಬಿಟ್ಟು ಬರೀ ಶಿಸ್ತನ್ನು ಹೊಗಳುವುದು ನನಗೆ ಒಪ್ಪಿಗೆಯಿಲ್ಲ.

ಇನ್ನೊಂದು ಮಾತು. ಪ್ರವಾಸದಲ್ಲಿ ಅನಾಹುತ ಅಲ್ಲೂ ಆಗಿದೆ. 1955ರ ಮೇ ತಿಂಗಳಲ್ಲಿ ಶಿಯುನ್ ಮಾರು ಅನ್ನುವ ಹಡಗು ಮಂಜಿನಲ್ಲಿ ಇನ್ನೊಂದು ಹಡಗಿಗೆ ಡಿಕ್ಕಿಯಾಗಿ ಮುಳುಗಿತು. ಸತ್ತವರು 168 ಜನ, ಅವರಲ್ಲಿ 100 ಮಂದಿ ಶಾಲಾ ಪ್ರವಾಸಕ್ಕೆ ಹೊರಟಿದ್ದ ಮಕ್ಕಳು. ದೇಶವೇ ಅತ್ತಿತು. ಆದರೆ ಪ್ರವಾಸ ನಿಲ್ಲಲಿಲ್ಲ. ಶಾಲೆಗಳಲ್ಲಿ ಈಜುಕೊಳಗಳು ಬಂದವು, ಮಕ್ಕಳಿಗೆ ಈಜು ಕಲಿಸುವುದು ಪಾಠವಾಯಿತು, ಆ ಸಮುದ್ರಕ್ಕೆ ಸೇತುವೆ ಬೇಕು ಅನ್ನುವ ಕೂಗೆದ್ದು 1988ರಲ್ಲಿ ಸೇತುವೆಯೂ ಆಯಿತು. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದ ಕಡಲಲ್ಲಿ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ತೀರಿಕೊಂಡಾಗ, ಪ್ರವಾಸವೇ ಬೇಡ ಅನ್ನುವ ಮಾತು ಎಷ್ಟೋ ಕಡೆ ಕೇಳಿದೆ. ಆ ಸಂಕಟ ನನಗೂ ಅರ್ಥವಾಗುತ್ತದೆ. ಆದರೆ ನಮ್ಮ ಮಕ್ಕಳಿಗೆ ಈಜು ಯಾರು ಕಲಿಸುತ್ತಾರೆ, ಕಡಲಿಗೆ ಇಳಿಯುವ ಮುನ್ನ ಅಲೆಯ ಬಗ್ಗೆ ಯಾರು ಪಾಠ ಮಾಡುತ್ತಾರೆ ಅನ್ನುವುದನ್ನೂ ಕೇಳಬೇಕಲ್ವಾ?

ನಮ್ಮದನ್ನೂ ನೋಡಿ. ರಾತ್ರಿಯೆಲ್ಲ ಬಸ್, ಬೆಳಗಿನ ಜಾವ ಎಲ್ಲೋ ಮುಖ ತೊಳೆದು ಚಿತ್ರಾನ್ನ, ಮೂರು ದಿನಕ್ಕೆ ಹತ್ತು ಊರು. ಹಳೇಬೀಡಿಗೆ ಮುಕ್ಕಾಲು ಗಂಟೆ. ಅಷ್ಟರಲ್ಲಿ ಗ್ರೂಪ್ ಫೋಟೋ ಆಗಬೇಕು, ಚಪ್ಪಲಿ ಹುಡುಕಬೇಕು. ಮಕ್ಕಳು ಖುಷಿಪಡುತ್ತಾರೆ, ಆ ಖುಷಿ ದೊಡ್ಡದು, ಅದನ್ನು ಕಿತ್ತುಕೊಳ್ಳಿ ಅಂತ ಹೇಳುತ್ತಿಲ್ಲ. ಬಡ ಮಗು ಊರು ಬಿಟ್ಟು ಹೊರಗೆ ಹೋಗುವುದೇ ಆ ಒಂದು ಸಲ ಇರಬಹುದು. ಅದಕ್ಕೇ ನನಗೆ ಹೊಟ್ಟೆಯುರಿಯುವುದು, ಆ ಒಂದು ಸಲವನ್ನು ನಾವು ಬಸ್ಸಿನಲ್ಲೇ ಕಳೆದುಬಿಡುತ್ತೇವೆ.

ಬುಲೆಟ್ ರೈಲು ಬೇಡ, ದುಡ್ಡೂ ಜಾಸ್ತಿ ಬೇಡ. ಹತ್ತು ಊರಿನ ಬದಲು ಎರಡು ಊರು ಸಾಕು. ನಮ್ಮ ಒಂಬತ್ತನೇ ತರಗತಿಯನ್ನು ಈ ಸಲ ಬೇಲೂರು, ಹಳೇಬೀಡಿಗೆ ಮಾತ್ರ ಕರೆದುಕೊಂಡು ಹೋಗುವುದು ಅಂತ ಮುಖ್ಯ ಶಿಕ್ಷಕರ ಹತ್ತಿರ ಮಾತಾಡಿದ್ದೇನೆ. ಒಂದು ಗುಂಪಿಗೆ ಗೋಡೆಯ ಬುಡದ ಆನೆ, ಕುದುರೆಗಳ ಸಾಲು. ಒಂದು ಗುಂಪಿಗೆ ಬಳಪದ ಕಲ್ಲು, ಅದನ್ನೇ ಏಕೆ ಆರಿಸಿದರು ಅಂತ. ಒಂದು ಗುಂಪಿಗೆ ದ್ವಾರಸಮುದ್ರದ ಕೆರೆ, ಅದರ ನೀರು ಇವತ್ತು ಯಾರಿಗೆ ಆಸರೆ ಅಂತ ಊರಿನವರನ್ನೇ ಕೇಳಿ ಬರೆದುಕೊಳ್ಳುವುದು. ಎರಡೂ ದೇವಾಲಯ 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿವೆ, ಹೊರದೇಶದವರು ಬರುತ್ತಾರೆ, ನಮ್ಮ ಮಕ್ಕಳೂ ಹೋಗಿ ಅವರನ್ನು ಇಂಗ್ಲಿಷಿನಲ್ಲಿ ಮಾತಾಡಿಸಲಿ. ಪುಸ್ತಿಕೆಯ ಕೆಲಸ ಶುರುವಾಗಿದೆ, ಎಂಟು ಪುಟ, ಜೆರಾಕ್ಸ್ ಸಾಕು. ಹಳೇಬೀಡು ಕಡೆಯ ಶಿಕ್ಷಕರು ಯಾರಾದರೂ ಇದನ್ನು ಓದುತ್ತಿದ್ದರೆ, ಕೆರೆಯ ಬಗ್ಗೆ ಮಕ್ಕಳ ಜೊತೆ ಮಾತಾಡಬಲ್ಲ ಊರಿನ ಹಿರಿಯರು ಗೊತ್ತಿದ್ದರೆ, ದಯವಿಟ್ಟು ನನಗೊಂದು ಮೆಸೇಜ್ ಹಾಕಿ.