ಬಾರದ ವಿದ್ಯೆಯ ದಾನ

ನಮ್ಮ ಚಿಕ್ಕಬಳ್ಳಾಪುರದಲ್ಲಿ ಬರವಿರುವುದು ಮಳೆಗೇ ಹೊರತು ಸಮಾಜಸೇವಕರಿಗಲ್ಲ. ಕೊಳವೆಬಾವಿ ಸಾವಿರ ಅಡಿ ಇಳಿದರೂ ಕೆಲವು ಕಡೆ ಬರೀ ದೂಳು ಮೇಲೇಳುತ್ತದೆ, ಆದರೆ ಬಿ.ಬಿ. ರಸ್ತೆಯಲ್ಲಿ ನಿಂತು ‘ಸೇವೆ’ ಎಂದು ಒಮ್ಮೆ ಕೂಗಿದರೆ ಸಾಕು, ವಕೀಲರು, ವೈದ್ಯರು, ಇಂಜಿನಿಯರುಗಳು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು ನಿಲ್ಲುತ್ತಾರೆ. ಇವರೆಲ್ಲರೂ ತಂತಮ್ಮ ಕಸುಬಿನಲ್ಲಿ ಪಳಗಿದವರು. ಆ ಪಳಗಿದ ಕೆಲಸವೊಂದನ್ನು ಬಿಟ್ಟು ಬೇರೆ ಯಾವುದನ್ನು ಹೇಳಿದರೂ ಊರಿಗಾಗಿ ಉಚಿತವಾಗಿ ಮಾಡಿಕೊಡಲು ತುದಿಗಾಲಲ್ಲಿರುವವರು. ಲೆಕ್ಕಪರಿಶೋಧನೆಯನ್ನು ಹೊಟ್ಟೆಪಾಡು ಮಾಡಿಕೊಂಡಿರುವ ನಾನೂ ಇದೇ ಸಾಲಿನವನಾದ್ದರಿಂದ ಮುಂದಿನದನ್ನು ಚಾಡಿಯೆಂದು ತಿಳಿಯದೆ ತಪ್ಪೊಪ್ಪಿಗೆಯೆಂದೇ ಓದಿಕೊಳ್ಳಬೇಕು.

ಸೆಪ್ಟೆಂಬರ್ 15 ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ದಿನ. ದೇಶಕ್ಕೆಲ್ಲ ಇಂಜಿನಿಯರುಗಳ ದಿನ. ಅವರು ಹುಟ್ಟಿದ ಮುದ್ದೇನಹಳ್ಳಿ ನಮ್ಮ ತಾಲ್ಲೂಕಿನದೇ ಆಗಿರುವುದರಿಂದ ಆ ದಿನ ಬೇರೆ ಊರಿನವರಿಗಿಂತ ಒಂದು ಹಿಡಿ ಹೆಚ್ಚು ಸೇವೆ ಮಾಡುವ ಹೊಣೆ ನಮ್ಮ ಮೇಲೆ ಬೀಳುತ್ತದೆ. ಒಂದು ವರ್ಷ ಇಲ್ಲಿನ ಒಂದು ಟ್ರಸ್ಟು ಊರಾಚೆಯ ಕೆರೆಯೊಂದರ ಏರಿಯ ಕೆಳಗೆ ಕಾರ್ಯಕ್ರಮ ಇಟ್ಟುಕೊಂಡು ‘ವೃತ್ತಿ ಕೌಶಲ ಸಮಾಜಕ್ಕೆ ಅರ್ಪಣೆ, ಪರಿಸರ ಉಳಿಸಿ’ ಎಂದು ಇಪ್ಪತ್ತು ಅಡಿಯ ಫ್ಲೆಕ್ಸ್ ಕಟ್ಟಿಸಿತು. ರಾಜ್ಯದಲ್ಲಿ ಪ್ಲಾಸ್ಟಿಕ್ ಫ್ಲೆಕ್ಸಿಗೆ 2016ರಲ್ಲೇ ನಿಷೇಧ ಬಂದಿದೆಯಲ್ಲವೇ ಎಂದು ಪಕ್ಕದಲ್ಲಿದ್ದ ವಕೀಲರನ್ನು ಕೇಳಿದೆ. ಇವತ್ತು ತಾವು ವಕೀಲರಾಗಿ ಬಂದಿಲ್ಲವೆಂದು ಅವರು ನಕ್ಕರು.

ನಿಜವಾಗಿಯೂ ಅವರು ವಕೀಲರಾಗಿ ಬಂದಿರಲಿಲ್ಲ. ಗಿಡ ನೆಡುವ ಗುಂಡಿಗಳನ್ನು ಹಿಂದಿನ ದಿನವೇ ಕೂಲಿಗೆ ತೋಡಿದ್ದ ಹೆಣ್ಣುಮಕ್ಕಳಲ್ಲಿ ಒಬ್ಬಾಕೆ ಅವರ ಬಳಿ ಬಂದು, “ಸಾರ್, ನಮ್ಮೆಜಮಾನ್ರು ತೀರ್ಕೊಂಡು ಎರಡು ವರ್ಷ ಆಯ್ತು. ಪಹಣಿ ಇನ್ನೂ ಮಾವನ ಹೆಸರಲ್ಲೇ ಐತೆ, ಏನು ಮಾಡೋದು?” ಎಂದಳು. “ಆಫೀಸಿಗೆ ಬಾರಮ್ಮ, ಇವತ್ತು ಪರಿಸರದ ಕೆಲಸ” ಎಂಬ ಉತ್ತರ ಸಿಕ್ಕಿತು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ, ಅದಕ್ಕೆಂದೇ ಜಿಲ್ಲೆಗೊಂದು ಪ್ರಾಧಿಕಾರವೂ ಇದೆ ಎಂದು ಹೇಳಲು ಅವರಿಗೆ ಅರ್ಧ ನಿಮಿಷ ಸಾಕಿತ್ತು. ಆ ಅರ್ಧ ನಿಮಿಷವನ್ನು ಉಳಿಸಿ ಅವರು ಹೊಂಗೆಯ ಸಸಿಯೊಂದನ್ನು, ಬೇರಿಗೆ ಸುತ್ತಿದ್ದ ಕಪ್ಪು ಪ್ಲಾಸ್ಟಿಕ್ ಚೀಲದ ಸಮೇತ, ಗುಂಡಿಗೆ ಇಳಿಸಿದರು. ಅವರ ಕೈಮೇಲೆ ಕೈಯಿಟ್ಟು ಇನ್ನಿಬ್ಬರು, ಆ ಇಬ್ಬರ ಕೈಗೆ ತಗುಲುವಂತೆ ಮತ್ತೆ ನಾಲ್ವರು ಬಾಗಿದ್ದರಿಂದ ಎರಡು ಅಡಿಯ ಸಸಿ ಫೋಟೋದಲ್ಲಿ ಕಾಣಿಸಲಿಲ್ಲ.

ಅಷ್ಟರಲ್ಲಿ ಆ ಕೆರೆಯ ನೀರುಗಂಟಿ ಬಂದ. ಎಪ್ಪತ್ತು ದಾಟಿದ ಆಸಾಮಿ. ಹೆಗಲ ಮೇಲೆ ಟವಲು, ಸೊಂಟದಲ್ಲಿ ಕುಡುಗೋಲು. “ಸಾಮಿ, ತೂಬು ಸೋರ್ತಾ ಐತೆ. ಇಂಜಿನಿಯರ್ ಸಾರು ಬಂದವ್ರೆ ಅಂದ್ರು, ಅದಕ್ಕೇ ಬಂದೆ” ಎಂದ. ಇಂಜಿನಿಯರ್ ಸಾಹೇಬರು ಮೂವತ್ತು ವರ್ಷ ನೀರಿನ ಕೆಲಸವನ್ನೇ ಮಾಡಿ ನಿವೃತ್ತರಾದವರು. ಆ ಹೊತ್ತಿಗೆ ಅವರು ತಲೆಗೆ ಟವಲು ಸುತ್ತಿ, ಹೂಳು ತುಂಬಿದ ಮಂಕರಿಯೊಂದನ್ನು ಹೊತ್ತು, ಅದನ್ನು ಎಲ್ಲಿ ಸುರಿಯಬೇಕೆಂದು ತಿಳಿಯದೆ, ಫೋಟೋದವನು ಹೇಳಿದ ಕಡೆಗೆ ಮುಖ ಮಾಡಿ ನಿಂತಿದ್ದರು. ಪುಣೆ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆ 1903ರಲ್ಲೇ ನೀರಿನ ಮಟ್ಟಕ್ಕೆ ತಕ್ಕಂತೆ ತಾವಾಗಿಯೇ ತೆರೆದು ಮುಚ್ಚಿಕೊಳ್ಳುವ ಬಾಗಿಲುಗಳನ್ನು ಕೂರಿಸಿದವರ ಹುಟ್ಟುಹಬ್ಬದಂದು, ಒಂದು ತೂಬಿನ ಬಾಯಿಗೆ ಬಗ್ಗಿ ನೋಡಿ ಎಂದು ಕೇಳುವುದು ಅಂಥ ಅಧಿಕಪ್ರಸಂಗವೇನಲ್ಲ. ಸಾಹೇಬರು ಮಂಕರಿ ಇಳಿಸದೆಯೇ, “ಅದಕ್ಕೆ ಎಸ್ಟಿಮೇಟ್ ಆಗಬೇಕಪ್ಪಾ” ಎಂದರು. ಅಲ್ಲಿ ಸೇರಿದ್ದ ಎಂಬತ್ತು ಜನರಲ್ಲಿ ಎಸ್ಟಿಮೇಟ್ ಬರೆಯಲು ಬರುತ್ತಿದ್ದವರು ಅವರೊಬ್ಬರೇ. ಮಂಕರಿ ಹೊರಲು ಉಳಿದ ಎಪ್ಪತ್ತೊಂಬತ್ತು ಜನರಿಗೂ ಬರುತ್ತಿತ್ತು.

ಬಲ್ಲ ಕೆಲಸವನ್ನು ಪುಕ್ಕಟೆ ಕೊಟ್ಟವರು ಅಂದು ಯಾರೂ ಇರಲಿಲ್ಲವೆಂದರೆ ಅನ್ಯಾಯವಾದೀತು. ಶಾಮಿಯಾನದವನು ಬಿಲ್ಲು ಕೊಟ್ಟಾಗ ಟ್ರಸ್ಟಿನ ಕಾರ್ಯದರ್ಶಿಗಳು, “ಸೇವೆ ಅಲ್ವೇನಪ್ಪಾ, ನೋಡ್ಕೊಂಡು ತಗೋ” ಎಂದು ಅರ್ಧಕ್ಕೆ ಇಳಿಸಿದರು. ಮೈಕ್‌ಸೆಟ್ಟಿನ ಹುಡುಗನಿಗೆ ಒಂದು ಶಾಲು ಹೊದಿಸಿ, ಅದರ ಮಡಿಕೆ ಬಿಚ್ಚಿ ನೋಡುವಷ್ಟರಲ್ಲಿ ಹಣದ ಮಾತನ್ನು ಮುಗಿಸಿಬಿಟ್ಟರು. ಕಸುಬುದಾರ ಬಡವನಾದರೆ ಅವನ ಕೌಶಲದ ದಾನವನ್ನು ಬೇರೆಯವರೇ ಅವನ ಪರವಾಗಿ ಮಾಡಿಬಿಡುತ್ತಾರೆ. ಇದಕ್ಕೆ ನಮ್ಮ ಹಳೆಯ ಹೆಸರು ಬಿಟ್ಟಿ. ‘ವಿಷ್ಟಿ’ಯ ತದ್ಭವ, ಅಂದರೆ ಕೂಲಿ ಕೊಡದೆ ಮಾಡಿಸಿಕೊಳ್ಳುವ ದುಡಿಮೆ. ಆ ವಿಷ್ಟಿಯ ಕಾಲದ ಅರಸರೂ ಕೆರೆಯ ವಿಷಯದಲ್ಲಿ ಮಾತ್ರ ಎಚ್ಚರದಿಂದಿದ್ದರೆಂದು ತೋರುತ್ತದೆ. ಕೆರೆ ಕಟ್ಟಿದವರಿಗೆ, ಕಟ್ಟಿದ ಕೆರೆಯನ್ನು ನೋಡಿಕೊಳ್ಳುವವರಿಗೆ ಬಿತ್ತುವಟ್ಟ, ಕಟ್ಟುಕೊಡಗೆ ಎಂದು ಭೂಮಿ ಬಿಟ್ಟುಕೊಟ್ಟು ಕಲ್ಲಿನಲ್ಲಿ ಕೆತ್ತಿಸಿದರು. ಆ ಕಲ್ಲುಗಳ ಮೇಲೆ ಮುಖ್ಯ ಅತಿಥಿಗಳ ಹೆಸರಿಲ್ಲ.

ಬೆಂಗಳೂರಿನಿಂದ ಸೇವೆಗೆ ಬರುವವರ ಬಗೆ ಬೇರೆ. ಅರವತ್ತು ಕಿಲೋಮೀಟರಿನೊಳಗೆ ಬಡತನ, ನಂದಿ ಬೆಟ್ಟ ಮತ್ತು ಮಧ್ಯಾಹ್ನದ ಊಟ ಮೂರೂ ಸಿಗುವ ಜಿಲ್ಲೆ ಅವರಿಗೆ ಇನ್ನೊಂದಿಲ್ಲ. ಒಂದು ಶನಿವಾರ ನಲವತ್ತು ಸಾಫ್ಟ್‌ವೇರ್ ಇಂಜಿನಿಯರುಗಳು ಒಂದೇ ಬಣ್ಣದ ಟೀ ಶರ್ಟು ತೊಟ್ಟು ಸರ್ಕಾರಿ ಶಾಲೆಯೊಂದಕ್ಕೆ ಬಂದು, ಗೋಡೆಯ ಮೇಲೆ ಆನೆಯನ್ನು ಬರೆದರು. ಮಕ್ಕಳು ಅದನ್ನು ಹಂದಿಯೆಂದು ಗುರುತಿಸಿದರು. ಅದೇ ಗೋಡೆಯ ಆಚೆ ಬದಿಯ ಕೋಣೆಯಲ್ಲಿ ಯಾರೋ ಪುಣ್ಯಾತ್ಮರು ಕೊಟ್ಟ ಆರು ಕಂಪ್ಯೂಟರುಗಳು ಬಟ್ಟೆ ಹೊದ್ದು ಮಲಗಿದ್ದವು. ಮುಖ್ಯೋಪಾಧ್ಯಾಯಿನಿ ಹಿಂಜರಿಯುತ್ತಲೇ, “ಇವು ಆನ್ ಆಗ್ತಿಲ್ಲ, ಸ್ವಲ್ಪ ನೋಡ್ತೀರಾ?” ಎಂದು ಕೇಳಿದರು. “ಮೇಡಂ, ಅದು ಬೇರೆ ಟೀಮ್” ಎಂದು ಹೇಳಿದ ಯುವಕ ಆನೆಗೆ ಸೊಂಡಿಲು ಸೇರಿಸಲು ಹೋದ.

ಆ ಯುವಕನನ್ನೊಬ್ಬನನ್ನೇ ದೂರುವುದಕ್ಕೆ ನನ್ನ ಕಸುಬು ಬಿಡುವುದಿಲ್ಲ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ನಿನಂತೆ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ಶೇಕಡಾ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಖರ್ಚು ಎಂದರೆ ಖರ್ಚೇ, ವಸ್ತುವನ್ನೋ ಸೇವೆಯನ್ನೋ ಕೊಟ್ಟು ಅದಕ್ಕೆ ಬೆಲೆ ಕಟ್ಟಿ ತೋರಿಸುವಂತಿಲ್ಲ ಎಂದು ಕೇಂದ್ರದ ಸಚಿವಾಲಯ ಸ್ಪಷ್ಟಪಡಿಸಿದೆ. ಕಳ್ಳ ಲೆಕ್ಕ ತಡೆಯಲು ಒಳ್ಳೆಯ ನಿಯಮವೇ ಸರಿ, ಆದರೆ ಫಲ ನೋಡಿ: ಬಣ್ಣದ ಡಬ್ಬಕ್ಕೆ ರಸೀದಿಯಿದೆ, ತಲೆಯೊಳಗಿನ ವಿದ್ಯೆಗೆ ಇಲ್ಲ. ದಾನಿಗಳು ಕೇಳಿ ಪಡೆಯುವ ಆದಾಯ ತೆರಿಗೆ ವಿನಾಯಿತಿಯೂ ಹಣ ಕೊಟ್ಟವರಿಗೆ ಮಾತ್ರ. ಹತ್ತು ದಿನ ಕೂತು ಒಂದು ಸಂಸ್ಥೆಯ ಲೆಕ್ಕ ಸರಿಪಡಿಸಿದವನಿಗೆ ಅದರಲ್ಲಿ ಬಿಡಿಗಾಸೂ ಇಲ್ಲ.

ಇಷ್ಟು ಬಲ್ಲ ನಾನು ಮಾಡಿದ್ದೇನು? ಕೆರೆಯ ಕಾರ್ಯಕ್ರಮಕ್ಕೆ ಹದಿನೈದು ದಿನ ಮುಂಚೆ ಅದೇ ಟ್ರಸ್ಟಿನ ಕಾರ್ಯದರ್ಶಿಗಳು ತಗಡಿನ ಬಿಸ್ಕತ್ ಡಬ್ಬವೊಂದನ್ನು ಹಿಡಿದು ನನ್ನ ಆಫೀಸಿಗೆ ಬಂದಿದ್ದರು. ಒಳಗೆ ಮೂರು ವರ್ಷದ ವೋಚರುಗಳು, ರಬ್ಬರ್ ಬ್ಯಾಂಡು ಕರಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ನಡುವೆ ಒಂದು ಮದುವೆ ಕಾಗದವೂ ಇತ್ತು. ಲೆಕ್ಕ ಬರೆದು ಆಡಿಟ್ ಮಾಡಿಕೊಟ್ಟರೆ ಊರಿಗೆ ಉಪಕಾರವಾಗುತ್ತದೆಂದು ಕೇಳಿಕೊಂಡರು. ತೆರಿಗೆ ಆಡಿಟ್ಟಿನ ಗಡುವು ತಲೆಯ ಮೇಲಿದೆ, ಉಸಿರಾಡಲು ಪುರಸತ್ತಿಲ್ಲ, ಸೆಪ್ಟೆಂಬರ್ 30 ಕಳೆದ ಮೇಲೆ ಬನ್ನಿ ಎಂದೆ. ಅವರು ಬಾಗಿಲವರೆಗೆ ಹೋದವರು ತಿರುಗಿ, ಹಾಗಾದರೆ 15ರಂದು ಗಿಡ ನೆಡಲು ಮುಖ್ಯ ಅತಿಥಿಯಾಗಿ ಬರುತ್ತೀರಾ ಎಂದು ಕೇಳಿದರು. ಎಷ್ಟು ಗಂಟೆಗೆ ಬರಬೇಕೆಂದು ಕೇಳಿ ಡೈರಿಯಲ್ಲಿ ಬರೆದುಕೊಂಡೆ.

ಅಂದು ನಾನು ನೆಟ್ಟದ್ದು ನೇರಳೆಯ ಸಸಿ. ನನಗೂ ಚೀಲ ಹರಿಯಬೇಕೆಂದು ಹೊಳೆಯಲಿಲ್ಲ. ಪೇಟ, ಹಾರ, ಉಪ್ಪಿಟ್ಟು ಮುಗಿದು ಕಾರುಗಳು ಹೊರಟ ಮೇಲೆ ಚಪ್ಪಲಿಗೆ ಮೆತ್ತಿದ ಕೆಸರನ್ನು ಒರೆಸಿಕೊಳ್ಳುತ್ತ ನಾನು ಹಿಂದುಳಿದಿದ್ದೆ. ನೀರುಗಂಟಿ ಒಂದೊಂದೇ ಸಸಿಯನ್ನು ಮೇಲೆತ್ತಿ, ಕುಡುಗೋಲಿನಿಂದ ಚೀಲ ಸೀಳಿ, ಮತ್ತೆ ಗುಂಡಿಗಿಟ್ಟು ಮಣ್ಣು ತುಳಿಯುತ್ತಿದ್ದ. ಅದು ಮುಗಿದ ಮೇಲೆ ಏರಿಯ ಕೆಳಗಿದ್ದ ಫ್ಲೆಕ್ಸನ್ನು ಬಿಚ್ಚಿ, ಸುರುಳಿ ಸುತ್ತಿ, ಜೇಡಿಮಣ್ಣು ಮೆತ್ತಿ, ಸೊಂಟದವರೆಗಿನ ನೀರಿನಲ್ಲಿ ನಿಂತು ತೂಬಿನ ಬಾಯಿಗೆ ತುರುಕಿದ. ‘ಸಮಾಜಕ್ಕೆ’ ಎಂಬಷ್ಟು ಭಾಗ ಹೊರಗೆ ಉಳಿಯಿತು. ಸೋರಿಕೆ ನಿಂತಿತು.

ಮರುದಿನ ಕಾರ್ಯದರ್ಶಿಗಳು ಫೋನ್ ಮಾಡಿದರು. “ಇಸವಿ ಹಾಕಿಸಿರಲಿಲ್ಲ ಸಾರ್, ಮುಂದಿನ ವರ್ಷಕ್ಕೂ ಅದೇ ಫ್ಲೆಕ್ಸ್ ಬರೋದು” ಎಂದು ಬಹಳ ಹೊತ್ತು ಪೇಚಾಡಿ, ಕೊನೆಗೆ, “ಇದನ್ನ ಯಾವ ಖರ್ಚಿಗೆ ಬರೆಯೋಣ, ಪ್ರಚಾರಕ್ಕೋ ಕೆರೆ ರಿಪೇರಿಗೋ?” ಎಂದು ಕೇಳಿದರು. ಸೆಪ್ಟೆಂಬರ್ 30 ಕಳೆದ ಮೇಲೆ ಬನ್ನಿ ಎಂದೆ.