ಊರಿಗೊಂದು ಹಂಪು, ಹಂಪಿಗೊಂದು ಪುರಾಣ

ಜೋಗಕ್ಕೆ ಹೊರಟವರು ನಾವಿಬ್ಬರೇ. ಕಾರು ಗೆಳೆಯನದು, ಪೆಟ್ರೋಲು ನನ್ನದು. ಗೆಳೆಯ ಸಿವಿಲ್ ಎಂಜಿನಿಯರ್. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಆದ ಅನಾಹುತಕ್ಕೆಲ್ಲ ಅದೇ ಮೂಲ.

ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು, ತಿಪಟೂರು ದಾಟುವವರೆಗೆ ಎಲ್ಲ ಚೆನ್ನಾಗಿತ್ತು. ಅರಸೀಕೆರೆ ಹತ್ತಿರ ಫೋನಿನ ಮ್ಯಾಪು 'ಹನ್ನೊಂದು ನಿಮಿಷ ಉಳಿಯುತ್ತೆ' ಅಂತ ಆಸೆ ತೋರಿಸಿ ಒಳದಾರಿಗೆ ಇಳಿಸಿತು. ದಾರಿಯ ಎರಡೂ ಕಡೆ ತೆಂಗಿನ ತೋಟ. ಮರಗಳ ನೆರಳು ರಸ್ತೆಗೆ ಅಡ್ಡಡ್ಡ ಬಿದ್ದಿತ್ತು. ನೆರಳಿನ ಮೇಲೆ ನೆರಳು ದಾಟುತ್ತಾ ಹೋದೆವು. ಅದರಲ್ಲಿ ಒಂದು ನೆರಳಾಗಿರಲಿಲ್ಲ.

ಕಾರು ಮೊದಲು ಆಕಾಶ ನೋಡಿತು, ಆಮೇಲೆ ಭೂಮಿ ನೋಡಿತು. ನನ್ನ ತಲೆ ಮೇಲಕ್ಕೆ ಬಡಿಯಿತು, ಫ್ಲಾಸ್ಕಿನ ಕಾಫಿ ಪ್ಯಾಂಟಿಗೆ ಚೆಲ್ಲಿತು. ಕೆಳಗಿನಿಂದ ತಗಡಿನ ಡಬ್ಬ ಎಳೆದ ಹಾಗೆ ಸದ್ದು. ಸೈಲೆನ್ಸರ್ ಕಳಚಿಕೊಂಡು ನೆಲ ಕೆರೆಯುತ್ತಿತ್ತು.

ಹಂಪ್ ದಾಟಿ ಇಪ್ಪತ್ತು ಹೆಜ್ಜೆ ಆದ ಮೇಲೆ ಒಂದು ಬೋರ್ಡು. 'ಮುಂದೆ ರಸ್ತೆ ಉಬ್ಬು ಇದೆ.' ಬೋರ್ಡಿನ ಪಕ್ಕದಲ್ಲೇ ವೆಲ್ಡಿಂಗ್ ಶಾಪು. ಅಲ್ಲಿದ್ದಾತ ನಮ್ಮನ್ನು ನೋಡಿದ ರೀತಿ, ಹೆಣ್ಣಿನ ಕಡೆಯವರು ದಿಬ್ಬಣ ನೋಡಿದ ಹಾಗಿತ್ತು.

"ಬನ್ನಿ ಸಾ, ನೆರಳಿಗೆ ಹಾಕಿ. ಇವತ್ತಿಗೆ ನೀವು ಮೂರನೇಯವರು."

ಸುಮ್ನೆ ವೆಲ್ಡಿಂಗ್ ಮಾಡಿಸಿಕೊಂಡು ಹೊರಡಬಹುದಿತ್ತು. ಆದರೆ ಗೆಳೆಯ ಡಿಕ್ಕಿ ತೆಗೆದು ಅಳತೆ ಟೇಪು ಹೊರಗೆಳೆದ.

ದೇಶದಲ್ಲಿ ರಸ್ತೆ ಹೇಗಿರಬೇಕು ಅಂತ ನಿಯಮ ಬರೆಯುವುದು ಇಂಡಿಯನ್ ರೋಡ್ಸ್ ಕಾಂಗ್ರೆಸ್. 1934ರಿಂದಲೂ ಇದೆ. ಹೆಸರು ಕೇಳಿ ಗಾಬರಿ ಬೇಡ, ಇವರು ಚುನಾವಣೆಗೆ ನಿಲ್ಲುವುದಿಲ್ಲ. ಇವರ ಪ್ರಕಾರ ಹಂಪ್ ಅಂದರೆ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ. ಬೆನ್ನು ದುಂಡಗಿರಬೇಕು. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಹೋದವನಿಗೆ ಕುಲುಕಬಾರದು. ಕಪ್ಪು ಬಿಳುಪು ಪಟ್ಟಿ ಬಳಿದಿರಬೇಕು. ಎಚ್ಚರಿಕೆ ಬೋರ್ಡು 40 ಮೀಟರ್ ಮುಂಚೆ ಇರಬೇಕು. ಮುಂಚೆ, ಆಮೇಲಲ್ಲ.

ನಮ್ಮ ಮುಂದಿದ್ದದ್ದು ಎರಡಡಿ ಅಗಲ, ಒಂಬತ್ತು ಇಂಚು ಎತ್ತರ. ಬಣ್ಣ ಇಲ್ಲ. "ಇದು ಹಂಪ್ ಅಲ್ಲ ಕಣೋ, ಜಗಲಿ," ಅಂದ ಗೆಳೆಯ.

ಟೇಪು ಬಿಚ್ಚಿದರೆ ನಮ್ಮ ಕಡೆ ಜನ ಸೇರುತ್ತಾರೆ. ಐದು ನಿಮಿಷದಲ್ಲಿ ಹದಿನೈದು ಜನ. ಹೆಗಲಿಗೆ ಟವೆಲ್ ಹಾಕಿದ್ದ ಹಿರಿಯರೊಬ್ಬರು ಮುಂದೆ ಬಂದು, "ಯಾವ ಇಲಾಖೆ ಸಾ?" ಅಂದರು. ಇಲಾಖೆಯಲ್ಲ, ಜೋಗಕ್ಕೆ ಹೋಗುತ್ತಿದ್ದೇವೆ ಅಂದೆ. ಅವರು ನಕ್ಕರು. ಇಲಾಖೆಯವರು ಯಾವತ್ತು ತಾನೇ ನಿಜ ಹೇಳಿದ್ದಾರೆ?

ಆಮೇಲೆ ಸ್ಥಳಪುರಾಣ ಶುರುವಾಯಿತು. ಆ ಊರಿನ ಒಂದು ಕಿಲೋಮೀಟರಿಗೆ ನಾಲ್ಕು ಹಂಪ್. ಮೊದಲನೆಯದು ಕರುವಿನ ಹಂಪ್. ಲಾರಿ ಬಡಿದು ಕರು ಸತ್ತಿತ್ತು, ಊರವರು ರಸ್ತೆ ತಡೆ ಮಾಡಿದರು, ಸಂಜೆಯೊಳಗೆ ಹಂಪ್ ಎದ್ದಿತು. ಎರಡನೆಯದು ಸ್ಕೂಲಿನ ಹಂಪ್. ಸ್ಕೂಲು ಮುಚ್ಚಿ ಎಷ್ಟೋ ಕಾಲವಾಗಿದೆ. ಮಕ್ಕಳೆಲ್ಲ ವ್ಯಾನಿನಲ್ಲಿ ಪಟ್ಟಣದ ಇಂಗ್ಲಿಷ್ ಮೀಡಿಯಮ್ಮಿಗೆ ಹೋಗುತ್ತಾರೆ, ಆ ವ್ಯಾನಿನ ಪ್ಲೇಟು ಮುರಿಯುವುದೂ ಇದೇ ಹಂಪಿನಲ್ಲಿ. ಮೂರನೆಯದು ಮಾಜಿ ಅಧ್ಯಕ್ಷರ ಮನೆ ಮುಂದೆ. ಅಂದ ಮೇಲೆ ಹಾಲಿ ಅಧ್ಯಕ್ಷರು ಸುಮ್ಮನಿರೋದಕ್ಕೆ ಆಗುತ್ತಾ? ನಾಲ್ಕನೆಯದು ಅವರದು, ಮೂರನೆಯದಕ್ಕಿಂತ ಎರಡು ಇಂಚು ಜಾಸ್ತಿ. ನಾವು ಹಾರಿದ್ದು ಅದನ್ನೇ.

ಮನೆ ಮುಂದೆ ಹಂಪ್ ಇಲ್ಲದವನಿಗೆ ಹೆಣ್ಣು ಕೊಡುವುದಿಲ್ಲ ಅನ್ನುವ ಕಾಲ ಇನ್ನೂ ಬಂದಿಲ್ಲ. ಬರುತ್ತದೆ.

ಗೆಳೆಯನಿಗೆ ಈಗ ಭಾಷಣ ಬಂತು. ಪ್ರಾಣ ಉಳಿಸಲು ಹಾಕುವ ಹಂಪೇ ಪ್ರಾಣ ತೆಗೆಯುತ್ತದೆ ಅಂದ. ಕೇಂದ್ರ ಸರ್ಕಾರದ ವರದಿಯಲ್ಲೇ ಇದೆ, 2015ರಲ್ಲಿ ದೇಶದಲ್ಲಿ ಹಂಪ್‌ಗಳಲ್ಲಾದ ಅಪಘಾತಕ್ಕೆ 3,409 ಜನ ಸತ್ತರು ಅಂದ. ಮರುವರ್ಷ, ರಾಷ್ಟ್ರೀಯ ಹೆದ್ದಾರಿಗಳಲ್ಲಿ ಇರುವ ಹಂಪ್ ತೆಗೆಯಿರಿ ಅಂತ ಸುತ್ತೋಲೆಯೂ ಬಂತು ಅಂದ. ಆ ಸುತ್ತೋಲೆ ಬರುವ ದಾರಿಯಲ್ಲಿ ಎಲ್ಲೋ ಸೈಲೆನ್ಸರ್ ಕಳೆದುಕೊಂಡಿರಬೇಕು ಅಂತ ನನಗನ್ನಿಸಿತು.

"ಅದೆಲ್ಲ ಸರಿ ಕಣಪ್ಪ," ಅಂದರು ಹುಲ್ಲಿನ ಹೊರೆ ಹೊತ್ತು ನಿಂತಿದ್ದ ಅಜ್ಜಿ. "ಹಂಪ್ ಇಲ್ದಿದ್ರೆ ಬಸ್ಸು ನಮ್ಮೂರಲ್ಲಿ ನಿಲ್ಸೋದೇ ಇಲ್ಲ. ಇಲ್ಲಿ ನಿಧಾನ ಮಾಡ್ತಾನಲ್ಲ, ಆಗ ಕೈ ಅಡ್ಡ ಹಾಕ್ತೀವಿ."

ಗೆಳೆಯ ಬಾಯಿ ತೆರೆದ, ಮುಚ್ಚಿದ. ಇದಕ್ಕೆ ರೋಡ್ಸ್ ಕಾಂಗ್ರೆಸ್ಸಿನ ಪುಸ್ತಕದಲ್ಲೂ ಉತ್ತರ ಇಲ್ಲ. ಬಸ್ಸಿಗೆ ಅರ್ಜಿ, ನೀರಿಗೆ ಅರ್ಜಿ, ಚರಂಡಿಗೆ ಅರ್ಜಿ ಕೊಟ್ಟೂ ಕೊಟ್ಟೂ ಕೂದಲು ಬೆಳ್ಳಗಾದ ಜನ ಇವರು. ಕೇಳಿದ ದಿನವೇ ಬರುವ ಸರ್ಕಾರಿ ಸೌಲಭ್ಯ ಅಂದರೆ ಹಂಪ್ ಒಂದೇ. ಕೆಲವು ಸಲ ಅದಕ್ಕೆ ಸರ್ಕಾರವೂ ಬೇಕಾಗಿಲ್ಲ. ನಾಲ್ಕು ಬಾಣಲಿ ಜಲ್ಲಿ, ಒಂದು ಮೂಟೆ ಸಿಮೆಂಟು, ಕತ್ತಲಾಗುವವರೆಗೆ ತಾಳ್ಮೆ, ಇಷ್ಟಿದ್ದರೆ ಸಾಕು.

ಆದರೂ ಎಂಜಿನಿಯರ್ ಅಲ್ವಾ, ಸೋಲುವುದಿಲ್ಲ. ವೆಲ್ಡಿಂಗ್ ಶಾಪಿನಿಂದ ಸೀಮೆಸುಣ್ಣ ತಂದ. ರಸ್ತೆಗೆ ಅಡ್ಡಲಾಗಿ ಒಂದು ಗೆರೆ ಎಳೆದ. ಟೇಪು ಹಿಡಿದು 3.7 ಮೀಟರ್ ಅಳೆದು ಇನ್ನೊಂದು ಗೆರೆ ಎಳೆದ. "ನೋಡಿ, ಹಂಪ್ ಅಂದ್ರೆ ಇಲ್ಲಿಂದ ಇಲ್ಲಿಗೆ ಇರಬೇಕು," ಅಂತ ಎರಡು ಸಲ ಹೇಳಿದ. ಎಲ್ಲರೂ ಗಂಭೀರವಾಗಿ ತಲೆಯಾಡಿಸಿದರು. ಒಬ್ಬ ಹುಡುಗ ಗೆರೆಯ ಫೋಟೊ ತೆಗೆದುಕೊಂಡ. ಅಷ್ಟರಲ್ಲಿ ನೋಟ್‌ಬುಕ್ಕಿನ ಹಾಳೆ ಹರಿದು ಬರೆದ ಎರಡು ಅರ್ಜಿ ನನ್ನ ಕೈಗೆ ಬಂದವು. ಒಂದು, ಹಂಪ್ ತೆಗೆಸಲು. ಇನ್ನೊಂದು, ನಮ್ಮ ಮನೆ ಮುಂದೆಯೂ ಹಾಕಿಸಲು. ಎರಡರಲ್ಲೂ ಒಬ್ಬರದೇ ಸಹಿ ಇತ್ತು ಅಂತ ನನ್ನ ಗುಮಾನಿ.

ವೆಲ್ಡಿಂಗಿಗೆ ನಾನೂರು ರೂಪಾಯಿ ಕೊಟ್ಟು ಹೊರಟೆವು. ಮ್ಯಾಪಿನ ಹನ್ನೊಂದು ನಿಮಿಷಕ್ಕೆ ಒಟ್ಟು ಮೂರು ಗಂಟೆ ಖರ್ಚಾಗಿತ್ತು.

ಜೋಗದಲ್ಲಿ 830 ಅಡಿ ಎತ್ತರದ ಮಂಜು ನೋಡಿದೆವು. ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಒಳಗೇ ಇದ್ದವು. ಸದ್ದು ಮಾತ್ರ ಕೇಳುತ್ತಿತ್ತು, ನಮ್ಮ ಕಾರಿನ ಹಾಗೆ. ಬೇಯಿಸಿದ ಜೋಳ ತಿಂದು, ಮಂಜಿನ ಮುಂದೆ ನಿಂತು ಫೋಟೊ ತೆಗೆಸಿಕೊಂಡೆವು. ಅಷ್ಟು ಬಿಟ್ಟರೆ ಜೋಗದ ಬಗ್ಗೆ ಹೇಳುವುದಕ್ಕೆ ಏನೂ ಇಲ್ಲ.

ಮೂರನೇ ದಿನ ವಾಪಸ್ ಬರುವಾಗ ದೊಡ್ಡ ರಸ್ತೆಯಲ್ಲೇ ಬರೋಣ ಅಂದೆ. ಆಗ ಗೆಳೆಯನಿಗೆ ನೆನಪಾಯಿತು, ಟೇಪು ವೆಲ್ಡಿಂಗ್ ಶಾಪಿನಲ್ಲೇ ಬಿಟ್ಟಿದ್ದಾನೆ. ಒಳ್ಳೆ ಕಂಪನಿಯ ಟೇಪು, ಬಿಡುವ ಹಾಗಿಲ್ಲ.

ಈ ಸಲ ಹುಷಾರಾಗಿದ್ದೆವು. ಕರುವಿನ ಹಂಪ್, ಸ್ಕೂಲಿನ ಹಂಪ್, ಮಾಜಿಯವರ ಹಂಪ್ ಎಲ್ಲವನ್ನೂ ಬಸುರಿಯನ್ನು ಕರೆದುಕೊಂಡು ಹೋಗುವ ಹಾಗೆ ದಾಟಿಸಿದ. ವೆಲ್ಡಿಂಗ್ ಶಾಪು ಕಂಡಿತು. ಗೆಳೆಯ ಖುಷಿಯಲ್ಲಿ ಸ್ವಲ್ಪ ಆಕ್ಸಿಲರೇಟರ್ ಒತ್ತಿದ.

ಧಡ್. ಉಸಿರು ಬಿಡುವಷ್ಟರಲ್ಲಿ ಇನ್ನೊಂದು ಧಡ್.

ಇಳಿದು ನೋಡಿದರೆ, ಎಳೆದಿದ್ದ ಎರಡು ಗೆರೆಗಳ ಮೇಲೆ ಎರಡು ಹೊಸ ಹಂಪ್. ಸಿಮೆಂಟು ಇನ್ನೂ ಹಸಿ ಬಣ್ಣದಲ್ಲಿತ್ತು. ಅರಿಸಿನ ಕುಂಕುಮ ಹಚ್ಚಿ, ಕಾಯಿ ಒಡೆದು ಪೂಜೆ ಮಾಡಿದ್ದರು. ನಮ್ಮ ಸೈಲೆನ್ಸರ್ ಅದರ ಪಕ್ಕದಲ್ಲೇ ಬಿದ್ದಿತ್ತು.

ಟವೆಲ್ಲಿನ ಹಿರಿಯರು ನಗುತ್ತಾ ಓಡಿ ಬಂದರು. ಕೈಯಲ್ಲಿ ಗೆಳೆಯನ ಟೇಪು.

"ನೀವು ಗುರುತು ಹಾಕಿದ ಜಾಗದಲ್ಲೇ ಹಾಕಿದೀವಿ ಸಾ. ಒಂದಿಂಚು ಆಚೀಚೆ ಆಗಿಲ್ಲ. ಬೇಕಾದ್ರೆ ನೀವೇ ಅಳೆದು ನೋಡಿ."